ಇನ್ನೂ ಬೀಳುತ್ತಿದ್ದ ಮರ

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಅವಳ ಕಸುಬು. ಬೆಳಗ್ಗೆ ಕೊರಳಿಗೆ ಬಿದ್ದ ಅಳತೆಯ ಟೇಪು ಮಲಗುವಾಗಲೇ ಕೆಳಗಿಳಿಯುವುದು. ಒಮ್ಮೆ ಹಾಗೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇಗೆ ನಿಂತು, ಎದೆಯ ಚಿತ್ರದಲ್ಲಿ ಟೇಪಿನ ತುದಿಯ ತಗಡು ಮೂಡಿ, ಡಾಕ್ಟರು ಬೆವರಿಹೋಗಿದ್ದರಂತೆ.

ಹೊಲಿಗೆಯ ಕೋಣೆ ಮನೆಯ ಮುಂಭಾಗದಲ್ಲಿತ್ತು. ಒಂದು ಬಾಗಿಲು, ಏಳು ಸರಳಿನ ಒಂದು ಕಿಟಕಿ. ಕಿಟಕಿಯ ಕೆಳಗೆ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಕಬ್ಬಿಣದ ಬೀರು. ಮದುವೆಯಾದ ಹೊಸದರಲ್ಲಿ ಹಟ ಹಿಡಿದು ಗಿಟ್ಟಿಸಿಕೊಂಡ ಕೋಣೆ ಅದು. ಎಂಟು ವರ್ಷದ ಹಿಂದೆ ಅತ್ತೆ ಸ್ನಾನದ ಮನೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರ ಮಂಚವೂ ಅಲ್ಲಿಗೇ ಬಂತು. "ಒಂದೆರಡು ತಿಂಗಳು ಅಷ್ಟೇ" ಎಂದಿದ್ದ ಗಂಡ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರು. ಬಸ್ಸುಗಳ ವೇಳೆಯನ್ನು ನಿಮಿಷ ಲೆಕ್ಕದಲ್ಲಿ ಹೇಳುವವನಿಗೆ ತನ್ನ ಮನೆಯ ಎರಡು ತಿಂಗಳು ಎಂಟು ವರ್ಷವಾದದ್ದು ಗೊತ್ತಾಗಲೇ ಇಲ್ಲ. ಆ ಎಂಟು ವರ್ಷದಲ್ಲಿ ಟೇಪಕ್ಕ ಒಂದು ಸಲವೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಮನೆಯಿಂದ ಹೊರಗಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಆದರೆ ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರಿಗಿರಲಿಲ್ಲ. ಯಾವ ಜಗಳದಿಂದ ಶುರುವಾಯಿತೋ ಇಬ್ಬರಿಗೂ ಮರೆತುಹೋಗಿತ್ತು. ಮಗನಿದ್ದರೆ "ಅವಳಿಗೆ ಹೇಳು, ಮೆಷಿನ್ ನಿಲ್ಲಿಸಲಿ" ಅನ್ನುವರು. ಮಗನಿಲ್ಲದಿದ್ದರೆ ಬಟ್ಟೆ ಕೊಡಲು ಬಂದವರಿಗೆ ಹೇಳುವರು. ಯಾರೂ ಇಲ್ಲದಿದ್ದರೆ ಗೋಡೆಗೆ.

ಮನೆಯ ಮುಂದೆ ಒಂದು ಮಳೆಮರವಿತ್ತು. ಅದರ ನೆರಳು ಮೂರು ಮನೆಗೆ ಸಾಲುತ್ತಿತ್ತು. ಹಿಂದಿನ ವರ್ಷ ಗಂಡ ಕಾರು ನಿಲ್ಲಿಸಲೆಂದು ಅಂಗಳಕ್ಕೆ ಸಿಮೆಂಟು ಹಾಕಿಸಿದಾಗ, ಗಾರೆಯವನು ಅಡ್ಡ ಬಂದ ಬೇರುಗಳನ್ನೆಲ್ಲ ಒಂದೇ ಕಡೆಯಿಂದ ಕಡಿದುಹಾಕಿದ್ದ. ಒಂದು ವಾರದಿಂದ ಬಿಡದೆ ಮಳೆ. ಸೋಮವಾರ ಟೇಪಕ್ಕ ಮರದ ಬುಡದ ನೆಲ ಬಿರಿದದ್ದನ್ನು ನೋಡಿದಳು. ಕತ್ತರಿ ತಂದು ಇಳಿಸಿದರೆ ಹಿಡಿಯವರೆಗೂ ಒಳಗೆ ಹೋಯಿತು.

"ಮರದೋರನ್ನ ಕರೆಸ್ರಿ. ನೆಲ ಬಾಯಿ ಬಿಟ್ಟಿದೆ."

"ಅಷ್ಟು ದೊಡ್ಡ ಮರ ಎಲ್ಲಿಗೆ ಹೋಗತ್ತೆ? ಭಾನುವಾರ ನೋಡೋಣ" ಎಂದ ಗಂಡ.

ಗುರುವಾರ ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದಿತು. ಟೇಪಕ್ಕ ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದಳು. ಮೊದಲು ನೆಲದೊಳಗಿಂದ ಹಗ್ಗ ಹರಿದಂಥ ಸದ್ದು ಬಂತು, ಒಂದಾದ ಮೇಲೊಂದು. ಕಿಟಕಿಯಾಚೆಯ ಬೆಳಕು ಹಸಿರಾಯಿತು, ಆಮೇಲೆ ಕಪ್ಪಾಯಿತು. ಅವಳು ಓಡಿದ್ದು ಬಾಗಿಲ ಕಡೆಗಲ್ಲ, ಮಂಚದ ಕಡೆಗೆ; ಯಾಕೆಂದು ಯೋಚಿಸುವಷ್ಟು ಹೊತ್ತೇ ಇರಲಿಲ್ಲ. ಹಂಚುಗಳು ಸುರಿದವು. ಮನೆ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಧೂಳು ಕೂತಾಗ ನೋಡಿದಳು. ಬಾಗಿಲಿದ್ದ ಜಾಗದಲ್ಲಿ ಮರದ ಕಾಂಡ. ಹಂಚಿನ ಮಾಡಿನ ದೊಡ್ಡ ತೊಲೆ ನಡುವೆ ಮುರಿದು ಕೆಳಗೆ ಬಂದಿತ್ತು. ಬೀರು ವಾಲಿ ಮೇಜಿಗೆ ಒರಗಿಕೊಂಡು, ಆ ತೊಲೆಯನ್ನು ಹೆಗಲಲ್ಲಿ ಹೊತ್ತಂತೆ ನಿಂತಿತ್ತು. ತೊಲೆಯ ಮುರಿದ ತುದಿ ಮಂಚದ ಮೇಲೆ ತೂಗುತ್ತಿತ್ತು. ಅದರ ಕೆಳಗೆ ಅತ್ತೆ, ಕಣ್ಣುಬಿಟ್ಟುಕೊಂಡು, ಒಂದು ಗೀರೂ ಇಲ್ಲದೆ.

"ಹೊದಿಕೆ ಎಲ್ಲಾ ಮಣ್ಣಾಯ್ತು" ಎಂದರು ಗೋಡೆಗೆ.

ಟೇಪಕ್ಕ ಮಂಚ ಎಳೆದು ನೋಡಿದಳು. ಅದರ ಕಾಲುಗಳು ಹಂಚಿನ ರಾಶಿಯಲ್ಲಿ ಹೂತಿದ್ದವು. ಫೋನು ಸಿಕ್ಕಿತು. ತುರ್ತು ಸೇವೆಯ ಹುಡುಗಿ ಮೃದುವಾಗಿ ಹೇಳಿದಳು: "ಊರಲ್ಲಿ ನಲವತ್ತು ಮರ ಬಿದ್ದಿದೆ ಅಮ್ಮಾ. ನಿಮ್ಮದು ಹತ್ತೊಂಬತ್ತನೇದು. ಒಳಗೆ ಜನ ಇದ್ದಾರೆ ಅಂದ್ರೆ ಮುಂದಕ್ಕೆ ಹಾಕ್ತೀನಿ. ಏನನ್ನೂ ಮುಟ್ಟಬೇಡಿ."

ಮುಕ್ಕಾಲು ಗಂಟೆಯಾದ ಮೇಲೆ ಗಂಡ ಬಂದ. ಕಿಟಕಿಯಾಚೆಯ ಎಲೆಗಳ ನಡುವೆ ಅವನ ಅಂಗಿಯ ಬಣ್ಣವಷ್ಟೇ ಕಾಣುತ್ತಿತ್ತು. ಎದುರು ಮನೆಯವರ ಮೋಟಾರು ಗರಗಸ ತಂದಿದ್ದ. "ಹೆದರಬೇಡ, ಈ ಕೊಂಬೆ ಕೊಯ್ದ್ರೆ ದಾರಿ ಆಗತ್ತೆ!" ಎಂದು ಕೂಗಿದ. ಗರಗಸ ಗುರ್ರೆಂದಿತು. ಮೇಲೆಲ್ಲೋ ತೊಲೆ ಕಿರುಗುಟ್ಟಿತು.

ಅಷ್ಟರಲ್ಲಿ ಹೊರಗೆ ಇನ್ನೊಂದು ದನಿ ಕೇಳಿಸಿತು. "ಸಾರ್, ಕೆಳಗಿಡಿ ಅದನ್ನ. ಮೊದ್ಲು ಕೆಳಗಿಡಿ. ಕಾಲ ಹತ್ರ ಕರೆಂಟಿನ ತಂತಿ ಬಿದ್ದಿರೋದು ನೋಡಿದೀರಾ?"

ಗರಗಸ ನಿಂತಿತು. ತುರ್ತು ಸೇವೆಯವರು ಕಳಿಸಿದ ಮರ ಕಡಿಯುವವನು, ಮರದವನು. ಐವತ್ತೈದು ದಾಟಿದ, ಎಡಗೈಯಲ್ಲಿ ಮೂರೇ ಬೆರಳಿದ್ದ ಮನುಷ್ಯ. ತಂತಿಯಲ್ಲಿ ಕರೆಂಟು ಹೋಗಿದೆಯೆಂದು ಖಾತ್ರಿಯಾಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಎಲೆಗಳನ್ನು ಸರಿಸಿ ಕಿಟಕಿಗೆ ಮುಖ ಕೊಟ್ಟ.

"ಅಮ್ಮಾ, ಎಲ್ರೂ ಮರ ಬಿತ್ತು ಅಂತಿದಾರೆ. ಇನ್ನೂ ಬಿದ್ದಿಲ್ಲ ಇದು. ಬೀಳ್ತಾ ಇದೆ. ಅರ್ಧ ಬೇರು ನೆಲದಲ್ಲಿದೆ, ಅರ್ಧ ಭಾರ ನಿಮ್ಮ ಮಾಡಿನ ಮೇಲಿದೆ. ತಪ್ಪು ಕೊಂಬೆ ಕೊಯ್ದ್ರೆ ಹೊರಳಿಬಿಡತ್ತೆ. ಕ್ರೇನ್ ಬರೋವರೆಗೂ ನನಗೆ ಒಳಗಿಂದು ಗೊತ್ತಾಗಬೇಕು. ತೊಲೆ ಇಳೀತಿದೆಯಾ, ನಿಂತಿದೆಯಾ?"

ಟೇಪಕ್ಕ ಕೊರಳಿಂದ ಟೇಪು ತೆಗೆದು ನೆಲದಿಂದ ತೊಲೆಯ ತುದಿಗೆ ಹಿಡಿದಳು. "ಐವತ್ತೊಂದು ಇಂಚು."

"ಟೇಪು ಇದೆಯಾ? ಪುಣ್ಯ ಮಾಡಿದೀನಿ ನಾನು. ಐದೈದು ನಿಮಿಷಕ್ಕೆ ಹೇಳ್ತಿರಿ."

ಐವತ್ತೊಂದು. ಐವತ್ತೊಂದು. ನಾಲ್ಕೂವರೆಗೆ ಐವತ್ತೂವರೆ. ಕೋಣೆಯಲ್ಲಿ ಹಸಿ ಎಲೆಯ, ಹಳೆಯ ಧೂಳಿನ ವಾಸನೆ. ಬೀರಿನ ತಗಡು ಆಗಾಗ ಟಿಕ್ ಎನ್ನುತ್ತಿತ್ತು.

ಅತ್ತೆ ಕಿಟಕಿಯ ಕಡೆ ಕತ್ತು ತಿರುಗಿಸಿದರು. "ಏನಪ್ಪಾ ಮರದೋನೇ, ಅವಳಿಗೆ ಸ್ವಲ್ಪ ಹೇಳು, ನೀರು ಕೊಡಲಿ."

"ಯಾರಿಗಮ್ಮಾ?"

"ಇಲ್ಲಿ ನನ್ನ ಪಕ್ಕ ಕೂತಿದಾಳಲ್ಲ, ಅವಳಿಗೆ."

ಮರದವನು ತಬ್ಬಿಬ್ಬಾಗಿ, "ಅಮ್ಮಾ, ಅವರಿಗೆ ನೀರು ಬೇಕಂತೆ" ಎಂದ. ಟೇಪಕ್ಕನಿಗೆ ಅಂಥ ಹೊತ್ತಲ್ಲೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನೀರು ಕುಡಿಸಿದಳು. ಅರ್ಧ ನೀರು ದಿಂಬಿಗೆ ಹೋಯಿತು.

ಐದು ಗಂಟೆಗೆ ಐವತ್ತು. ಕ್ರೇನು ಇನ್ನೊಂದು ಬೀದಿಯಲ್ಲಿ ಸಿಕ್ಕಿಕೊಂಡಿತ್ತು. ಮರದವನು ಕಬ್ಬಿಣ ಕೊಯ್ಯುವ ಕೈಗರಗಸದಿಂದ ಕಿಟಕಿಯ ಎರಡು ಸರಳನ್ನು ಸದ್ದಿಲ್ಲದಂತೆ ಕೊಯ್ದ. ಮೂರನೆಯದನ್ನು ಮುಟ್ಟಿದಾಗ ಗೋಡೆಯಿಂದ ಗಾರೆ ಉದುರಿತು. ಅಲ್ಲಿಗೇ ಬಿಟ್ಟ.

"ಅಮ್ಮಾ, ನೀವು ತೆಳ್ಳಗಿದೀರಿ. ಇದರಲ್ಲಿ ಹಿಡೀತೀರಿ. ಬಂದುಬಿಡಿ. ಅವರನ್ನ ಕ್ರೇನ್ ಬಂದ್ಮೇಲೆ ತೆಗೀತೀವಿ."

"ಬಾ, ಬೇಗ ಬಾ" ಎಂದ ಗಂಡ, ಹಿಂದಿನಿಂದ.

ಟೇಪಕ್ಕ ಮೆಷಿನ್ನಿನ ಮೇಲೆ ಹತ್ತಿದಳು. ತಲೆ, ಒಂದು ಭುಜ ಹೊರಗೆ ಬಂದವು. ಮುಖಕ್ಕೆ ಮಳೆ ಬಿತ್ತು. ಬೀದಿ ಕಾಣಿಸಿತು: ಕೊಡೆ ಹಿಡಿದು ನಿಂತ ಜನ, ಒದ್ದೆ ರಸ್ತೆ, ಅದರಾಚೆ ಬಸ್‌ಸ್ಟಾಪು. ಎಂಟು ವರ್ಷದಿಂದ ಬೇಕಾಗಿದ್ದದ್ದು ಇದೇ, ಇಲ್ಲಿಂದ ಎದ್ದು ಹೋಗುವುದು. ಈಗ ಎಲ್ಲರೂ ಹೋಗು ಎನ್ನುತ್ತಿದ್ದಾರೆ. ಹೋದರೆ ಯಾರೂ ಒಂದು ಮಾತು ಅನ್ನುವ ಹಾಗಿಲ್ಲ.

ಒಳಗಿನಿಂದ ಅತ್ತೆಯ ದನಿ ಬಂತು. "ಹೋಗೇ. ಏನು ನೋಡ್ತಾ ಇದೀಯ? ಹೋಗು."

ಗೋಡೆಗಲ್ಲ, ಅವಳಿಗೇ.

ಅವಳು ಹೋಗಿಯೇಬಿಡುತ್ತಿದ್ದಳು. ಆಮೇಲೆ ಅದನ್ನು ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ. ಇನ್ನೊಂದು ಭುಜ ತೂರಿಸಲು ಉಸಿರು ಎಳೆದುಕೊಂಡಿದ್ದಳು. ಆಗ ಬೀರು ಟಿಕ್ ಎಂದಿತು, ಜೋರಾಗಿ. ಅಳತೆ ಹಾಕಬೇಕಲ್ಲ ಅನ್ನಿಸಿತು. ಅಷ್ಟೇ ಅನ್ನಿಸಿದ್ದು, ಬೇರೆ ದೊಡ್ಡದೇನೂ ಅಲ್ಲ. ಹಿಂದಕ್ಕೆ ಸರಿದು ಕೆಳಗಿಳಿದು ಟೇಪು ಹಿಡಿದಳು.

"ನಲವತ್ತೊಂಬತ್ತು" ಎಂದು ಕೂಗಿದಳು.

"ತಲೆ ಕೆಟ್ಟಿದೆಯಾ ನಿನಗೆ?" ಎಂದರು ಅತ್ತೆ.

"ನಿಮ್ಮ ಜೊತೆ ಇದ್ದೂ ಇದ್ದೂ ಕೆಟ್ಟಿದೆ. ಸುಮ್ನಿರಿ, ಎಣಿಕೆ ತಪ್ಪತ್ತೆ."

ಆರು ಗಂಟೆಗೆ ಮೊದಲೇ ಕ್ರೇನು ಬಂತು. ಮರದವನು ಕಾಂಡಕ್ಕೆ ಎರಡು ಕಡೆ ಪಟ್ಟಿ ಬಿಗಿದ. ಬುಡ ಕೊಯ್ಯಲು ಯಾರಿಗೂ ಬಿಡಲಿಲ್ಲ; ಮೊದಲು ಭಾರವನ್ನು ಕ್ರೇನು ಹೊರಬೇಕು ಎಂದ. ಅವನು ಹೊರಗೆ ಕೈ ಎತ್ತಿದಾಗ ಕ್ರೇನು ಕೂದಲೆಳೆಯಷ್ಟು ಎತ್ತುವುದು, ಒಳಗಿಂದ ಟೇಪಕ್ಕ ಅಳತೆ ಕೂಗುವುದು. ನಲವತ್ತೊಂಬತ್ತು. ನಲವತ್ತೊಂಬತ್ತು. ಒಮ್ಮೆ ನಲವತ್ತೆಂಟು ಎಂದಾಗ ಎಲ್ಲ ಕೈಗಳೂ ನಿಂತವು. ಅವನು ಪಟ್ಟಿಯನ್ನು ಎರಡು ಅಡಿ ಆಚೆ ಸರಿಸಿ ಮತ್ತೆ ಎತ್ತಿಸಿದ. ನಲವತ್ತೊಂಬತ್ತು. ಐವತ್ತು. ಐವತ್ತೆರಡಾದಾಗ ಅವಳು ಎರಡು ಸಲ ಕೂಗಿದಳು.

ಉಳಿದ ಸರಳುಗಳು ಹೋದವು. ಬೀರು ಮುಟ್ಟುವಂತಿರಲಿಲ್ಲ, ಮೇಜು ಅದರಡಿ ಸಿಕ್ಕಿತ್ತು. ಅತ್ತೆಯನ್ನು ಮಲಗಿಸಿ ಹೊರತರಲು ಮರದವನು ಒಂದು ಹಲಗೆಯನ್ನು ಕಿಟಕಿಯಿಂದ ಒಳಗೆ ತೂರಿಸಿದ. ಟೇಪಕ್ಕ ಪರದೆಯ ಬಟ್ಟೆಯನ್ನು ಉದ್ದುದ್ದ ಹರಿದು ಅತ್ತೆಯನ್ನು ಹಲಗೆಗೆ ಕಟ್ಟಿದಳು. ಸೊಂಟದ ಹತ್ತಿರ ಗಂಟು ಒತ್ತದ ಹಾಗೆ ಎರಡು ಪದರ ಮಡಿಸಿ ಇಟ್ಟಳು.

"ಬೇರೆಯೋರ ಪರದೆ ಹರಿದೆಯಲ್ಲೇ" ಎಂದರು ಅತ್ತೆ.

"ಮೆತ್ತಗಿದೆಯಾ ಇಲ್ವಾ?"

"ಮೆತ್ತಗಿದೆ."

ಕತ್ತಲಾಗುವ ಮೊದಲು ಇಬ್ಬರೂ ಹೊರಗಿದ್ದರು. ಗಂಡ ಅವಳ ಎದುರು ಬಂದು ನಿಂತ. ಭಾನುವಾರದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೇ ಅವನಿಗೆ ಹಗುರವಾಗುತ್ತಿತ್ತೇನೋ. ಮಾರನೆಯ ಬೆಳಗ್ಗೆ ಮರವನ್ನು ತುಂಡು ಮಾಡಿ ಇಳಿಸುವಾಗ ಗೋಡೆ ಜರಿಯಿತು, ಬೀರು ತಟ್ಟೆಯಂತಾಯಿತು. ಮರದವನು ಬುಡ ತೋರಿಸಿ, "ಈ ಕಡೆ ಒಂದು ಬೇರೂ ಇಲ್ಲ ನೋಡಿ. ಒಂಟಿ ಕಾಲಲ್ಲಿ ನಿಂತಿತ್ತು ಪಾಪ" ಎಂದ. ಗಂಡ ಬಗ್ಗಿ ಬೇರು ಕಡಿದ ಜಾಗವನ್ನು ಮುಟ್ಟಿ ನೋಡಿದ.

ರಿಪೇರಿ ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಅಷ್ಟು ದಿನ ಬಾಡಿಗೆಯ ಎರಡು ಕೋಣೆಯಲ್ಲಿ ಮಂಚವೂ ಮೆಷಿನ್ನೂ ಮತ್ತೆ ಅಕ್ಕಪಕ್ಕವೇ ಇದ್ದವು. ಬಾಗಿಲು ಹಾಕಿದರೆ ಟೇಪಕ್ಕನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಚಳಿಯಲ್ಲೂ ಬಾಗಿಲು ತೆರೆದಿಟ್ಟು ಹೊಲಿದಳು. ಅತ್ತೆ ಹೊದಿಕೆ ಎಳೆದುಕೊಂಡು ಬೈದರು, ಆದರೆ ಮುಚ್ಚು ಎನ್ನಲಿಲ್ಲ.

ವಾಪಸು ಹೋಗುವ ಮಾತು ಬಂದಾಗ ಅವಳು ಒಂದೇ ಮಾತು ಹೇಳಿದಳು. "ಆ ಕೋಣೆಗೆ ಬೀದಿ ಕಡೆಗೆ ಇನ್ನೊಂದು ಬಾಗಿಲು ಇಡಿಸಿ. ಆಮೇಲೆ ಬರ್ತೀನಿ." ಗಾರೆಯವನು ಆಗಲ್ಲ, ಗೋಡೆಯ ಅಂದ ಕೆಡುತ್ತದೆ ಎಂದ. ಗಂಡ ಮೊದಲ ಸಲ ಯಾರನ್ನೂ ಕೇಳದೆ, "ಇಡು" ಎಂದ.

ಬಾಗಿಲಾದ ಮರುವಾರ ಅವಳು ಬೆಳಗ್ಗೆ ಎಂಟಕ್ಕೆ ಹೊರಟು ಮೂರು ಊರಾಚೆಯ ತಂಗಿಯ ಮನೆಗೆ ಹೋದಳು. ಗಂಡ ರಜೆ ಹಾಕಿ ಅಮ್ಮನನ್ನು ನೋಡಿಕೊಂಡ. ತಂಗಿಯ ಮನೆಯಲ್ಲಿ ಅವಳು ಹೆಚ್ಚೇನೂ ಮಾಡಲಿಲ್ಲ. ಕೂತಳು, ನಿದ್ದೆ ಹೋದಳು, ಎದ್ದು ಎಷ್ಟು ಗಂಟೆ ಎಂದು ನಾಲ್ಕು ಸಲ ಕೇಳಿದಳು. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಗಂಡ ಸುಸ್ತಾಗಿ ಮೆಟ್ಟಿಲ ಮೇಲೆ ಕೂತಿದ್ದ.

"ಒಂದು ದಿನಕ್ಕೇ ಹೀಗಾ?" ಎಂದಳು.

ಅವನು ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.