ಹಲ್ಲು ತೆಗೆದು ಮಲಗಿ

ಆಸ್ಪತ್ರೆಯಲ್ಲಿ ಮಾಸ್ಕು ಕೂರಿಸುವ ಈ ಹೆಂಗಸು ಮೊದಲು ಹನ್ನೊಂದು ವರ್ಷ ಚಪ್ಪಲಿ ಅಂಗಡಿಯಲ್ಲಿದ್ದವಳು. ಒಂಬತ್ತರ ಪಾದವನ್ನು ಏಳರೊಳಗೆ ತುರುಕಿ, ಮುಖ ಕಿವುಚಿಕೊಂಡೇ "ಸರಿಯಾಗಿದೆ" ಎನ್ನುವ ಜಂಬಗಾರರನ್ನು ಅಲ್ಲಿ ಸಾಕುಸಾಕೆನಿಸುವಷ್ಟು ಕಂಡಿದ್ದಳು. ಇಲ್ಲಿಗೆ ಬಂದ ಮೇಲೆ ತಿಳಿದದ್ದು ಇಷ್ಟೇ: ಜನ ಪಾದದ ವಿಷಯದಲ್ಲಿ ಹೇಳುವ ಸುಳ್ಳು ಹಲ್ಲಿನ ವಿಷಯದ ಸುಳ್ಳಿನ ಮುಂದೆ ಏನೇನೂ ಅಲ್ಲ.

ನಿದ್ದೆಯಲ್ಲಿ ಉಸಿರು ನಿಂತುಹೋಗುವವರು ಗಾಳಿ ಊದುವ ಯಂತ್ರ ಕಟ್ಟಿಕೊಂಡು ಮಲಗಬೇಕು. ಮಾಸ್ಕು ಮುಖಕ್ಕೆ ಅಂಟಿ ಕೂರದಿದ್ದರೆ ಗಾಳಿಯೆಲ್ಲ ಸೋರಿ ದಂಡ. ಹಲ್ಲು ಕಟ್ಟಿಸಿಕೊಂಡ ಮಹಾನುಭಾವರು ಹಗಲು ಹಲ್ಲಿಟ್ಟುಕೊಂಡು ಅಳತೆ ಕೊಡುತ್ತಾರೆ, ರಾತ್ರಿ ಹಲ್ಲು ತೆಗೆದು ಮಲಗುತ್ತಾರೆ. ಕೆನ್ನೆ ಒಳಗೆ ಹೋಗಿ ಮಾಸ್ಕು ಬುಸುಗುಟ್ಟಿದರೆ ಬಂದು ಅವಳನ್ನೇ ಬೈಯುತ್ತಾರೆ. ಅದಕ್ಕೇ ಬಾಗಿಲಲ್ಲೇ ಅವಳ ಮೊದಲ ಮಾತು, "ಹಲ್ಲು ತೆಗೀರಿ." ಜೊತೆಯವರು ಅವಳನ್ನು ಹಲ್ಲುಕಿತ್ತಿ ಎಂದು ಕರೆಯುತ್ತಿದ್ದರು.

ಆ ದಿನ ಬಂದವನು ಸ್ವತಃ ಹಲ್ಲಿನ ಸೆಟ್ಟು ಮಾಡುತ್ತಿದ್ದ ಮುದುಕ. ತನ್ನ ಕೈಯಿಂದಲೇ ಮಾಡಿಕೊಂಡ ಹಲ್ಲನ್ನು ಕಿಸಿದು, ತಾನು ಅದನ್ನು ತೆಗೆಯುವುದೇ ಇಲ್ಲವೆಂದೂ, ಮಾಸ್ಕು ಮೂರು ಸಲ ಸೋರಿದ್ದು ಇಲ್ಲಿಯವರಿಗೆ ಕೆಲಸ ಬಾರದ್ದರಿಂದಲೆಂದೂ ಹೇಳಿದ. ಪಕ್ಕದಲ್ಲಿ ಹೆಂಡತಿ ನಿದ್ದೆಗೆಟ್ಟ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಅವನ ಉಸಿರು ನಿಂತಾಗಲೆಲ್ಲ ತಿವಿದು ಎಬ್ಬಿಸಲೆಂದು ಎರಡು ವರ್ಷದಿಂದ ಆಕೆ ಸರಿಯಾಗಿ ಮಲಗಿರಲಿಲ್ಲ. ಈ ಸಲವೂ ಸೋರಿದರೆ ಯಂತ್ರ ವಾಪಸು ಕೊಡಬೇಕು, ಆಮೇಲೆ ಒಂದು ದಿನ ಆಕೆ ತಿವಿದರೂ ಅವನು ಏಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು.

ಇಂಥ ಬಿಂಕಕ್ಕೆ ಮಣಿಯುವವಳಲ್ಲ ಹಲ್ಲುಕಿತ್ತಿ. ಗಿರಾಕಿಗಳಿಗೆ ರಾತ್ರಿ ಏನು ಮಾಡಲು ಹೇಳುತ್ತಿದ್ದಿರಿ ಎಂದು ಮೆಲ್ಲಗೆ ಕೇಳಿದಳು. ಮುದುಕ ಎದೆಯುಬ್ಬಿಸಿ, ತೆಗೆದು ನೀರಲ್ಲಿಡಬೇಕು, ಇಲ್ಲದಿದ್ದರೆ ವಸಡು ಹುಣ್ಣಾಗುತ್ತದೆ ಎಂದು ಪಾಠ ಒಪ್ಪಿಸಿದ.

"ಹಾಗಾದ್ರೆ ನಿಮ್ಮ ವಸಡು ಪೂರ್ತಿ ಹುಣ್ಣಾಗಿರ್ಬೇಕಲ್ಲ ಯಜಮಾನ್ರೇ?"

"ನನ್ನ ವಸಡಾ? ಹಸುಗೂಸಿನ ವಸಡು ಇದ್ದ ಹಾಗಿದೆ," ಎಂದವನು ನಾಲಿಗೆ ಕಚ್ಚಿಕೊಂಡ.

ಗುಟ್ಟು ಹೊರಬಿತ್ತು: ದಿನಾ ರಾತ್ರಿ ದೀಪ ಆರಿದ ಮೇಲೆ ಅವನು ಹಲ್ಲನ್ನು ಕಳ್ಳನ ಹಾಗೆ ತೆಗೆದು ಡಬ್ಬಿಗೆ ಹಾಕಿ ಮಂಚದ ಕೆಳಗಿಡುತ್ತಿದ್ದ. ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಬೆಳಗಿನ ಜಾವ ಅವಳಿಗೆ ಜೋಂಪು ಹತ್ತಿದಾಗ ಎದ್ದು ಹಾಕಿಕೊಳ್ಳುತ್ತಿದ್ದ. ಮುಖಕ್ಕೆ ಇಷ್ಟು ಬೆಲೆ ಕಟ್ಟಿದವನು ಜೀವಕ್ಕೆ ಕಟ್ಟಿರಲಿಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ ಹಲ್ಲು ತೆಗೆದ. ಹೆಂಡತಿ ಎದ್ದು ಹೋಗಿ, ಬಗ್ಗಿ, ಅವನ ಮುಖ ನೋಡಿದಳು.

"ಇಷ್ಟೇನಾ? ಇದಕ್ಕಾ ನನ್ನ ನಿದ್ದೆ ಕೆಡಿಸಿದ್ದು?"

ಮುದುಕ ಮಂಚದ ಮೇಲೆ ಮಲಗಿದ. ಹಲ್ಲುಕಿತ್ತಿ ಒಂದಳತೆ ಚಿಕ್ಕ ಮಾಸ್ಕು ಹಾಕಿ, ಪಟ್ಟಿ ಬಿಗಿದು, ಯಂತ್ರ ಚಾಲೂ ಮಾಡಿ, ಒಳಗೆ ಹೋದ ಕೆನ್ನೆಯ ಅಂಚಿನಲ್ಲಿ ಬೆರಳಾಡಿಸಿದಳು. ಎಲ್ಲೂ ಸೋರಲಿಲ್ಲ. ಒಂದೇ ಸಮನೆ ಉಸಿರಾಟ ಕೇಳತೊಡಗಿತು. ಹತ್ತು ನಿಮಿಷವೂ ಆಗಿರಲಿಲ್ಲ, ನಿದ್ದೆ ಬಂತು, ಅವನಿಗಲ್ಲ. ಹೆಂಡತಿ ಕುರ್ಚಿಯಲ್ಲೇ ಗೋಡೆಗೊರಗಿ, ಬಾಯಿ ತೆರೆದು ನಿದ್ದೆಹೋಗಿದ್ದಳು.

ಮುದುಕ ಮಾಸ್ಕು ಬಿಚ್ಚಿ ಹಲ್ಲು ಹಾಕಿಕೊಳ್ಳಲು ಕೈಯೆತ್ತಿದ. ಹಲ್ಲುಕಿತ್ತಿ ಆ ಕೈ ಹಿಡಿದು ಹಾಸಿಗೆಯ ಮೇಲಿಟ್ಟಳು.

"ಅಲುಗಾಡ್ಬೇಡಿ. ಅಮ್ಮ ಏಳೋ ತನಕ ಹಾಗೇ ಉಸಿರಾಡ್ತಾ ಬಿದ್ದಿರಿ."