ಪುಷ್ಪಕ್ಕ ಇಟ್ಟ ಕೆಂಪು ಚುಕ್ಕೆ

ಹೋದ ವರ್ಷ ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಅಂಗಡಿಯ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಕುಶಾಲನಗರದಲ್ಲಿ ನನ್ನದೊಂದು ಪುಟ್ಟ ಟೈಪಿಂಗ್ ಅಂಗಡಿ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲ ಮಾಡಿಕೊಡುತ್ತೇನೆ. ಲಗ್ನಪತ್ರಿಕೆಗೆ ಕಾದು ಕೂತಿದ್ದ ಗಂಡಿನ ಕಡೆಯ ಹಿರಿಯರೊಬ್ಬರು, ಮದುವೆ ಮುಗಿದ ಮೇಲೆ ಕೊಡುತ್ತೀಯೇನಮ್ಮ ಎಂದು ಕೇಳಿಯೇಬಿಟ್ಟರು. ಇನ್ನು ಬದಲಾಯಿಸದೆ ಗತಿಯಿರಲಿಲ್ಲ.

ಆ ಅಂಗಡಿ ಶುರು ಮಾಡಿದ್ದು ನನ್ನ ಓರಗಿತ್ತಿ ಪುಷ್ಪಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರೆ. ನಮ್ಮದು ಸೇರಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೈಪಿಂಗ್ ಕಲಿಸಿದರು. ಕನ್ನಡದಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ನಾನು ಅದನ್ನೇ ಮರೆಯುತ್ತಿದ್ದೆ. 'ಅಕ್ಕ' ಎಂದು ಹೊಡೆಯಲು ಹೋದರೆ 'ಅಕಕ' ಎಂದು ಬರುತ್ತಿತ್ತು. ಪುಷ್ಪಕ್ಕ ನಕ್ಕು ಸುಸ್ತಾಗಿ, ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು ಆ ಕೀ ಮೇಲೆ ಕೆಂಪು ಚುಕ್ಕೆ ಇಟ್ಟರು.

"ಇದನ್ನ ಒತ್ತಿದ್ರೇನೆ ಕಣೇ ಅಕ್ಷರ ಕೂಡೋದು" ಅಂದರು.

ಸವೆದಾಗಲೆಲ್ಲ ಮತ್ತೆ ಹಚ್ಚುತ್ತಿದ್ದರು. ಕಾಯಿಲೆಯಿಂದ ಅವರು ತೀರಿಕೊಂಡ ಮೇಲೆ ಹಚ್ಚುವವರಿರಲಿಲ್ಲ. ನಾನು ಹಚ್ಚಿದರೆ ಅದು ನನ್ನ ಚುಕ್ಕೆಯಾಗುತ್ತದೆ ಎಂದು ಹಾಗೇ ಬಿಟ್ಟೆ.

ಕಂಪ್ಯೂಟರ್ ಬದಲಾದರೂ ಆ ಕೀಬೋರ್ಡನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಆದರೆ ಪೇಟೆಯಲ್ಲಿ ನೋಡಿದ ರೆಡಿ ಕಂಪ್ಯೂಟರುಗಳಲ್ಲಿ ಯಾವುದಕ್ಕೂ ನಮ್ಮ ಕೀಬೋರ್ಡಿನ ಗುಂಡು ಪಿನ್ ಕೂರುವ ತೂತೇ ಇರಲಿಲ್ಲ. ವಿರಾಜಪೇಟೆಯಲ್ಲಿ ಬಶೀರ್ ಎಂಬವರು ಬೇಕಾದ ಹಾಗೆ ಜೋಡಿಸಿಕೊಡುತ್ತಾರೆಂದು ಯಾರೋ ಹೇಳಿದರು. ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಬಶೀರ್ ಗುಂಡು ಪಿನ್ನನ್ನು ಹೊಸ ಕಂಪ್ಯೂಟರಿನ ತೂತಿಗೆ ಹೊಂದಿಸುವ ವಯರೊಂದನ್ನು ಹಾಕಿ ನೋಡಿದರು. ಒಮ್ಮೆ ಹಿಡಿದರೆ ಒಮ್ಮೆ ಬಿಡುತ್ತಿತ್ತು. ಕೊಳೆಯಿಂದ ಇರಬಹುದೆಂದು ಬಟ್ಟೆಗೆ ಸ್ಪಿರಿಟ್ ಸುರಿದುಕೊಂಡು ಕೀಗಳನ್ನು ಒರೆಸಲು ಹೊರಟರು. ಚುಕ್ಕೆ ಅಳಿಸಿಹೋಗುತ್ತದೆಂದು ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ. ಗುರುತು ಪರಿಚಯ ಇಲ್ಲದ ಗಂಡಸಿನ ಕೈ! ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ನಾಚಿಕೆಯಿಂದ ತಲೆ ತಗ್ಗಿಸಿ, ಪುಷ್ಪಕ್ಕನ ವಿಷಯವನ್ನೆಲ್ಲ ಹೇಳಿದೆ. ಹೇಳುವಾಗ ಅಳು ಬಂತು.

ಬಶೀರ್ ಬಟ್ಟೆಯನ್ನು ದೂರ ಇಟ್ಟರು. "ಎಲ್ಲರೂ ಕಂಪ್ಯೂಟರಿಗೆ ಕೀಬೋರ್ಡ್ ನೋಡ್ತಾರೆ ಅಕ್ಕ. ನಾವು ಕೀಬೋರ್ಡಿಗೆ ಕಂಪ್ಯೂಟರ್ ನೋಡುವ" ಅಂದರು.

ಗುಂಡು ತೂತಿರುವ ಮದರ್‌ಬೋರ್ಡ್ ಈಗಲೂ ಕೆಲವು ಬರುತ್ತವಂತೆ. ಎಲ್ಲೆಲ್ಲಿಗೋ ಫೋನು ಮಾಡಿ, ಮೈಸೂರಿನಿಂದ ಅಂಥದ್ದನ್ನು ತರಿಸಿದರು. ಮುಂದಿನ ವಾರ ಹೋದಾಗ ಉಳಿದದ್ದನ್ನೆಲ್ಲ ಅದಕ್ಕೆ ತಕ್ಕ ಹಾಗೆ ಜೋಡಿಸಿಟ್ಟಿದ್ದರು. ಕೀಬೋರ್ಡ್ ಸಿಕ್ಕಿಸಿದೆವು. ಅದರ ಮೂಲೆಯ ದೀಪ ಹತ್ತಿತು. ಏನಾದರೂ ಹೊಡೆದು ನೋಡಿ ಎಂದರು. ಅ, ಕ, ಕೆಂಪು ಚುಕ್ಕೆ, ಕ. ಪರದೆಯ ಮೇಲೆ 'ಅಕ್ಕ' ಎಂದು ಸರಿಯಾಗಿ ಬಂತು. ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬಶೀರ್ ಅವಸರ ಮಾಡಲಿಲ್ಲ.

ಹಳೆಯ ಕಂಪ್ಯೂಟರ್ ಎದ್ದು ಕೂರುವಷ್ಟರಲ್ಲಿ ನಾನೂ ಪುಷ್ಪಕ್ಕನೂ ಕಾಫಿ ಕುಡಿದು ಊರಿನ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದೆವು. ಹೊಸದು ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ತಯಾರಾಗಿರುತ್ತದೆ. ಕೆಲಸವೇನೋ ಚಕಚಕನೆ ಆಗುತ್ತದೆ. ಆದರೆ ಆ ಕಾಯುವ ಹೊತ್ತು ನನಗೆ ಬೇಕು ಅನ್ನಿಸುತ್ತದೆ.

ಚುಕ್ಕೆ ಈಗ ಅಂಚಿನಲ್ಲಿ ಮಾತ್ರ ಸ್ವಲ್ಪ ಉಳಿದಿದೆ. ನನ್ನ ಬೆರಳಿಗೆ ಅದರ ಜಾಗ ಗೊತ್ತು, ನೋಡಬೇಕಾಗಿಲ್ಲ. ಆದರೂ ದಿನಾ ಅಂಗಡಿ ತೆಗೆದ ಕೂಡಲೇ ಮೊದಲು ಅದನ್ನೇ ನೋಡುತ್ತೇನೆ. ಪುಷ್ಪಕ್ಕ ಒಂದೇ ಒಂದು ಸಲ ಬಂದು, ಹಚ್ಚಿ ಹೋಗಬಾರದೇ ಅನ್ನಿಸುತ್ತದೆ.