ಅಮ್ಮನ ಪಾಸ್‌ವರ್ಡ್, ಅಪ್ಪನ ಮೇನ್ ಸ್ವಿಚ್ಚು

ಸೋಂಪುರದ ಒಂದು ಕಾರ್ಖಾನೆಯ ಗೋದಾಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಂದ ಲಾರಿ, ಹೋದ ಲಾರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಇಷ್ಟೇ ಕಾರಣಕ್ಕೆ ನೆಲಮಂಗಲದ ಹತ್ತಿರದ ನಮ್ಮೂರಿನಲ್ಲಿ ನಾನು ಕಂಪ್ಯೂಟರ್ ಇಂಜಿನಿಯರ್. ಟಿವಿ ರಿಮೋಟು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ನಾನೂ ಅಲ್ಲವೆಂದು ಹೇಳಿದವನಲ್ಲ. ಪುಕ್ಕಟೆ ಸಿಕ್ಕ ಪದವಿಯನ್ನು ಯಾರು ಬಿಡುತ್ತಾರೆ?

ಆ ಪದವಿಯ ಹುಮ್ಮಸ್ಸಿನಲ್ಲೇ ನನ್ನ ಲ್ಯಾಪ್‌ಟಾಪಿಗೂ ಅಮ್ಮನ ಹಳೇ ಕಂಪ್ಯೂಟರಿಗೂ ಸಂಬಂಧ ಕುದುರಿಸಿದ್ದೆ. ಅಲ್ಲಿಟ್ಟ ಫೈಲು ಇಲ್ಲಿ ತೆರೆಯಬೇಕು, ಇಲ್ಲಿಟ್ಟಿದ್ದು ಅಲ್ಲಿ. ಅಮ್ಮನ ಕಂಪ್ಯೂಟರಿನ ಪಾಸ್‌ವರ್ಡ್ ಒಂದರಿಂದ ಐದರವರೆಗಿನ ಅಂಕಿ. ಭದ್ರತೆಯ ಬಗ್ಗೆ ನನಗೆ ಅಷ್ಟು ಕಾಳಜಿ. ಮನೆಯವರಿಗೆಲ್ಲ ತೋರಿಸಿ ಶಹಭಾಸ್ ಅನ್ನಿಸಿಕೊಂಡೆ. ಆಮೇಲೆ ಒಂದೇ ಒಂದು ಫೈಲೂ ಆ ದಾರಿಯಲ್ಲಿ ಓಡಾಡಲಿಲ್ಲ. ಎಲ್ಲವೂ ಪೆನ್‌ಡ್ರೈವ್ ಹತ್ತಿ ಹಜಾರ ದಾಟಿ ಬಂದವು.

ಅಮ್ಮ ನಿವೃತ್ತ ಶಾಲಾ ಮೇಡಂ. ಒಂದು ಒತ್ತಕ್ಷರವೂ ತಪ್ಪದಂತೆ ಕನ್ನಡ ಟೈಪ್ ಮಾಡುವವಳು. ಊರಿನವರ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲ ಅವಳ ಕೈಯಲ್ಲೇ ಆಗಬೇಕು. ಅಪ್ಪನಿಗೆ ಇರುವುದು ತೋಟ, ಎರಡು ಹಸು ಮತ್ತು ಮೇನ್ ಸ್ವಿಚ್ಚು. ಮನೆಯಿಂದ ಹೊರಡುವ ಮುಂಚೆ ಉರಿಯುವುದನ್ನೆಲ್ಲ ಆರಿಸುವುದು ಅವನ ವ್ರತ. ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವ ನಿಯಮ ಆ ವ್ರತದಲ್ಲಿಲ್ಲ. ಅಮ್ಮ ಅರ್ಧ ಪುಟ ಟೈಪ್ ಮಾಡಿರುತ್ತಿದ್ದಳು, ಕಂಪ್ಯೂಟರ್ ಕಣ್ಣು ಮುಚ್ಚುತ್ತಿತ್ತು. ಹೊರಗಿನಿಂದ ಅಪ್ಪನ ದನಿ: "ಸುಮ್ನೆ ಉರೀತಿತ್ತು, ಆಫ್ ಮಾಡ್ದೆ."

ಈ ಸಲ ಅಮ್ಮ ಟೈಪ್ ಮಾಡುತ್ತಿದ್ದದ್ದು ತನ್ನ ಅಣ್ಣನ ಮಗಳ ಲಗ್ನಪತ್ರಿಕೆ. ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರು ತಪ್ಪಾದರೂ ಜನ ಕ್ಷಮಿಸಿಯಾರು. ಸುಖಾಗಮನ ಬಯಸುವವರಲ್ಲಿ ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಮೇಲೆ ಹೋದರೆ ಮುಗಿಯಿತು, ಊಟದ ಪಂಕ್ತಿಯಲ್ಲೇ ಯುದ್ಧ. ವಾರಗಟ್ಟಲೆ ಫೋನಿನಲ್ಲಿ ಎಲ್ಲರನ್ನೂ ಒಪ್ಪಿಸಿ, ಎಲ್ಲ ಹೆಸರನ್ನೂ ಅವರವರ ಗದ್ದುಗೆಯಲ್ಲಿ ಕೂರಿಸಿ, ಅಮ್ಮ ಆಗಷ್ಟೇ ಸೇವ್ ಒತ್ತಿದ್ದಳು. ಅಪ್ಪ ತೋಟಕ್ಕೆ ಹೊರಟ. ಅಮ್ಮ ಎದ್ದು ಹೋಗಿ ಮೇನ್ ಮತ್ತೆ ಹಾಕಿದಾಗ ಮಾನಿಟರಿನಿಂದ ಸುಟ್ಟ ವಾಸನೆ ಬಂತು.

"ಹೋಗ್ಲಿ ಬಿಡು," ಎಂದ ಅಪ್ಪ ಬಾಗಿಲಲ್ಲೇ ನಿಂತು. "ಆ ಡಬ್ಬದಿಂದ ಮನೆಗೇನ್ ಆಗ್ಬೇಕಿತ್ತು?"

ಅಮ್ಮ ಜಗಳವಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಬ್ಯಾಗಿಗೆ ಸೀರೆ ತುಂಬಿಕೊಂಡಳು, ಮೊಬೈಲನ್ನು ಟಿವಿಯ ಮೇಲೆ ಬಿಟ್ಟಳು, "ಮದ್ವೆ ಕೆಲ್ಸ ಇದೆ" ಎಂದು ಜಡಿಗೇನಹಳ್ಳಿಯ ತವರಿಗೆ ಬಸ್ಸು ಹತ್ತಿದಳು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಯಾವಾಗ ಬರ್ತೀಯಮ್ಮಾ ಎಂದರೆ "ನೋಡೋಣ" ಎಂದಳು. ಅಮ್ಮನ 'ನೋಡೋಣ' ಎಂದರೆ ಏನೆಂದು ಅವಳ ಶಾಲೆಯ ಮಕ್ಕಳಿಗೂ ಗೊತ್ತು, ನನಗೂ ಗೊತ್ತು.

ಮಾವನ ಮನೆಗೆ ಫೋನ್ ಮಾಡಪ್ಪಾ ಎಂದು ಅಪ್ಪನಿಗೆ ಹೇಳಿದೆ. "ಹೋದೋಳಿಗೆ ವಾಪಸ್ ಬರೋ ಬಸ್ಸೂ ಗೊತ್ತಿರುತ್ತೆ" ಎಂದ. ಆದರೆ ನಾನು ಮಾಡಿದ ಉಪ್ಪಿಟ್ಟನ್ನು ತುಟಿಪಿಟಿಕ್ಕೆನ್ನದೆ ತಿನ್ನುತ್ತಿದ್ದ. ಅದಕ್ಕಿಂತ ದೊಡ್ಡ ಪಶ್ಚಾತ್ತಾಪ ಯಾವ ಗಂಡಸಿಂದಲೂ ಸಾಧ್ಯವಿಲ್ಲ.

ಭಾನುವಾರ ಬೆಳಿಗ್ಗೆ ಮಾವ ಫೋನ್ ಮಾಡಿದ. ಸಂಜೆಯೊಳಗೆ ಲಗ್ನಪತ್ರಿಕೆಯ ಫೈಲು ಪ್ರೆಸ್ಸಿಗೆ ಬೇಕಂತೆ. ಮಾನಿಟರ್ ಸತ್ತಿದ್ದರೂ ಅಮ್ಮನ ಕಂಪ್ಯೂಟರಿನ ಪೆಟ್ಟಿಗೆಗೆ ಜೀವವಿತ್ತು, ಆನ್ ಮಾಡಿದರೆ ಹಸಿರು ದೀಪ ಉರಿಯಿತು. ಟಿವಿಗೆ ಸಿಕ್ಕಿಸೋಣವೆಂದರೆ ಆ ಹಳೇ ಪೆಟ್ಟಿಗೆಗೆ ಟಿವಿಯ ವೈರು ಹಿಡಿಯುವ ಜಾಗವೇ ಇಲ್ಲ. ಉಳಿದದ್ದು ನಾನು ಕುದುರಿಸಿದ ಸಂಬಂಧ. ಇಂಜಿನಿಯರ್ ಸಾಹೇಬರು ತೋಳು ಮಡಿಚಿದರು.

ಮೊದಲಿಗೆ ನನ್ನ ಲ್ಯಾಪ್‌ಟಾಪಿಗೆ ಅಮ್ಮನ ಕಂಪ್ಯೂಟರ್ ಕಾಣಿಸಲೇ ಇಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಫೈರ್‌ವಾಲ್ ತೆಗೆದೆ. ಶೇರಿಂಗ್ ಎಂದು ಕಂಡಲ್ಲೆಲ್ಲ ಟಿಕ್ ಹಾಕಿದೆ. ಯೂಟ್ಯೂಬಿನಲ್ಲಿ ಹಿಂದಿಯವನೊಬ್ಬ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಮಧ್ಯಾಹ್ನವಾಯಿತು. ಆಗ ಕಣ್ಣಿಗೆ ಬಿತ್ತು: ಲ್ಯಾಪ್‌ಟಾಪು ಮನೆಯ ವೈಫೈನಲ್ಲೇ ಇರಲಿಲ್ಲ. ಹಿಂದಿನ ದಿನ ಕರೆಂಟು ಹೋದಾಗ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದದ್ದು ಹಾಗೇ ಕೂತಿತ್ತು. ಪಕ್ಕದ ಕೋಣೆಯ ಕಂಪ್ಯೂಟರನ್ನು ನಾನು ಬೆಳಗಿನಿಂದ ಪರವೂರಿನಲ್ಲಿ ಹುಡುಕುತ್ತಿದ್ದೆ. ಅಪ್ಪ ನೋಡುತ್ತಿದ್ದ, ಹಾಗಾಗಿ ಗಂಭೀರವಾಗಿ "ಪ್ರೋಟೋಕಾಲ್ ಸಮಸ್ಯೆ" ಎಂದೆ.

ವೈಫೈ ಬದಲಾಯಿಸಿದ ಕೂಡಲೇ ಅಮ್ಮನ ಕಂಪ್ಯೂಟರ್ ಕಂಡಿತು. ಒತ್ತಿದೆ. ಪಾಸ್‌ವರ್ಡ್ ಕೇಳಿತು. ಒಂದರಿಂದ ಐದು ಹಾಕಿದರೆ ತಪ್ಪು. ಅಮ್ಮ ಬದಲಾಯಿಸಿದ್ದಳು! ನನಗೆ ನಗು ಬಂತು. ಒಬ್ಬನೇ ಮಗ, ಇನ್ನೇನಿಟ್ಟಿರುತ್ತಾಳೆ? ನನ್ನ ಹೆಸರು ಹಾಕಿದೆ. ತಪ್ಪು. ಮುದ್ದಿನ ಹೆಸರು. ತಪ್ಪು. ನಾನು ಹುಟ್ಟಿದ ವರ್ಷ ಸೇರಿಸಿದೆ. ತಪ್ಪು. ಮನಸ್ಸಿಗೆ ಸ್ವಲ್ಪ ನೋವೇ ಆಯಿತು. ಮನೆದೇವರನ್ನು ಹಾಕಿದೆ, ಕೊನೆಗೆ ಹಸುವಿನ ಹೆಸರನ್ನೂ ಹಾಕಿದೆ. ಅದೂ ಅಲ್ಲವೆಂದಾಗ ಮಾತ್ರ ತುಸು ಸಮಾಧಾನವಾಯಿತು.

ಮಾವನ ಫೋನಿಗೆ ಮಾಡಿ ಅಮ್ಮನನ್ನು ಕರೆಸಿದೆ. ಕೈ ಕೀಲಿಮಣೆಯ ಮೇಲಿತ್ತು, ಸ್ಪೀಕರ್ ಹಾಕಿದೆ.

"ಪಾಸ್‌ವರ್ಡ್ ಏನಮ್ಮಾ?"

ಆ ಕಡೆಯಿಂದ ಸಣ್ಣ ದನಿ: "ಅದನ್ನ ಬಾಯ್ಬಿಟ್ಟು ಹೇಳಕ್ಕಾಗಲ್ಲ ಕಣೋ. ಇಲ್ಲಿ ಎಲ್ಲಾರೂ ಅವ್ರೆ."

"ಪ್ರೆಸ್ಸಿನವ್ರು ಕಾಯ್ತಾವ್ರಮ್ಮಾ. ಹೇಳು."

"ನಿಮ್ಮಪ್ಪನ್ನೇ ಕೇಳು," ಎಂದು ಫೋನಿಟ್ಟಳು.

"ನನ್ಗೇನ್ ಗೊತ್ತು ಅದೆಲ್ಲಾ?" ಎಂದ ಅಪ್ಪ, ಕೂತಲ್ಲಿಂದಲೇ.

ನನಗೆ ಆಗ ಹೊಳೆಯಿತು. ಚಿಕ್ಕವನಿದ್ದಾಗ ಅಮ್ಮ ನನ್ನನ್ನು ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಕರೆದೊಯ್ಯುತ್ತಿದ್ದದ್ದು ಒಂದೇ ಕೆಲಸಕ್ಕೆ. ಗುಮಾಸ್ತರು ಗಂಡನ ಹೆಸರು ಕೇಳಿದರೆ ಅವಳು ನನ್ನ ಬೆನ್ನು ತಿವಿಯುತ್ತಿದ್ದಳು, ನಾನು ಹೇಳುತ್ತಿದ್ದೆ. ಇಡೀ ಶಾಲೆಯ ಹಾಜರಿ ಕೂಗಿದವಳು ಆ ಒಂದು ಹೆಸರನ್ನು ಮಾತ್ರ ಇವತ್ತಿನವರೆಗೂ ಬಾಯಿಗೆ ತಂದಿಲ್ಲ.

ಆ ಹೆಸರು ಹಾಕಿದೆ. ತೆರೆಯಿತು.

"ಏನಂತೆ?" ಎಂದ ಅಪ್ಪ.

"ನಿನ್ ಹೆಸ್ರು."

ಅಪ್ಪ ಎದ್ದು ಬಂದು ಲ್ಯಾಪ್‌ಟಾಪನ್ನು ನೋಡಿದ, ಅಲ್ಲಿ ತನ್ನ ಹೆಸರು ಕಾಣಿಸುತ್ತದೇನೋ ಎಂಬಂತೆ. "ದಿನಾ ಹಾಕ್ತಾಳಾ?"

"ಆನ್ ಮಾಡ್ದಾಗೆಲ್ಲಾ ಹಾಕ್ಬೇಕು."

"ಮಧ್ಯದಲ್ಲಿ ಆಫ್ ಆದ್ರೆ?"

"ಮತ್ತೆ ಮೊದ್ಲಿಂದ ಹಾಕ್ಬೇಕಪ್ಪಾ."

ನಾನು ಫೈಲನ್ನು ಮಾವನಿಗೆ ಕಳಿಸುವಷ್ಟರಲ್ಲಿ ಅಪ್ಪ ಒಗೆದ ಶರ್ಟು ಹಾಕಿಕೊಂಡು ಬಂದು, ಜಡಿಗೇನಹಳ್ಳಿಗೆ ಈಗ ಯಾವ ಬಸ್ಸು ಎಂದು ಕೇಳಿದ. ಹೊಸಕೋಟೆಗೆ ಹೋಗಿ ಅಲ್ಲಿಂದ ಹತ್ತು ಎಂದೆ.

ಹೊರಡುವ ಮುಂಚೆ ಅಪ್ಪ ಹಜಾರದ ಫ್ಯಾನು ಆರಿಸಿದ, ಅಡುಗೆಮನೆಯ ಲೈಟು ಆರಿಸಿದ. ಅಮ್ಮನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಹಸಿರು ದೀಪ ಉರಿಯುತ್ತಿತ್ತು. ಅದನ್ನು ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡ.